ಸೆರೆಯಿಂದ ಬಿಡುಗಡೆಯಾದ ರೋಗಿಯ ಭಾರ ಯಾರದು?

ನ್ಯಾಯಾಧಿಪತಿಯು ಒಬ್ಬ ಅಪರಾಧಿಗೆ ಮೂರು ವರುಷದ ಸೆರೆಯನ್ನು ವಿಧಿಸಿದನೆಂದು ನೆನಸಿರಿ. ಆ ಶಿಕ್ಷೆಗೆ ಆರಂಭದ ದಿನವೂ ಉಂಟು, ಕಡೆಯ ದಿನವೂ ಉಂಟು. ಆದರೆ ಅವನ ದೇಹದಲ್ಲಿರುವ ರೋಗಕ್ಕೆ ಅಂಥ ಗಡುವಿಲ್ಲ. ಶಿಕ್ಷೆ ತೀರಿದ ಬೆಳಿಗ್ಗೆ ಸೆರೆಮನೆಯ ಬಾಗಿಲು ತೆರೆಯುವಾಗ ಕೆಮ್ಮೂ ಸಕ್ಕರೆಯ ಕಾಯಿಲೆಯೂ ಮನೋವ್ಯಥೆಯೂ ಅವನ ಸಂಗಡಲೇ ಹೊರಗೆ ಬರುವವು. ಒಳಗೆ ಔಷಧ ಕೊಡುತ್ತಿದ್ದ ಕೈ ಬಾಗಿಲಲ್ಲೇ ನಿಂತುಬಿಟ್ಟರೆ ಆ ಮೇಲೆ ಅವನ ಭಾರವು ಯಾರದು?

ಸೆರೆಯಲ್ಲಿರುವವನಿಗೆ ಚಿಕಿತ್ಸೆ ಕೊಡತಕ್ಕದ್ದೆಂಬದನ್ನು ಹೆಚ್ಚಿನವರು ಒಪ್ಪುವರು. ಯಾಕಂದರೆ ಕಟ್ಟಲ್ಪಟ್ಟವನು ತಾನಾಗಿ ವೈದ್ಯನ ಬಳಿಗೆ ಹೋಗಲಾರನು. ಕಟ್ಟಿದವರೇ ವೈದ್ಯನನ್ನು ಅವನ ಬಳಿಗೆ ತರಬೇಕು. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ, ಕೈದಿಯ ಕಠಿಣವಾದ ರೋಗವನ್ನು ತಿಳಿದೂ ಅಲಕ್ಷ್ಯಮಾಡುವದು ರಾಜ್ಯಾಂಗವು ನಿಷೇಧಿಸಿದ ಕ್ರೂರ ಶಿಕ್ಷೆಯೇ ಎಂದು ತೀರ್ಮಾನಿಸಿತು. ಆದರೆ ಅದೇ ದೇಶದಲ್ಲಿ ಬಡವರ ವೈದ್ಯವೆಚ್ಚಕ್ಕಾಗಿ 1965ರಲ್ಲಿ ಏರ್ಪಟ್ಟ ಮೆಡಿಕೆಯ್ಡ್ ಎಂಬ ವ್ಯವಸ್ಥೆಯು ಸೆರೆಯಲ್ಲಿರುವವರ ವೆಚ್ಚವನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಹೀಗಿರಲಾಗಿ ಅನೇಕರು ಹೊರಗೆ ಬಂದಾಗ ಅವರಿಗೆ ವೈದ್ಯನೂ ಇಲ್ಲ, ವೈದ್ಯನ ಹಣವನ್ನು ಕೊಡುವವರೂ ಇಲ್ಲ.

ಇದರ ಫಲವೇನು? ಆ ದೇಶದ ವಾಷಿಂಗ್ಟನ್ ಸಂಸ್ಥಾನದಲ್ಲಿ 1999ರ ಜುಲೈಯಿಂದ 2003ರ ದಶಂಬರದ ವರೆಗೆ ಬಿಡುಗಡೆಯಾದ 30,237 ಮಂದಿಯ ಸಂಗತಿಯನ್ನು ವೈದ್ಯರು ಪರಿಶೋಧಿಸಿ 2007ರಲ್ಲಿ ಪ್ರಕಟಿಸಿದರು. ಹೊರಬಂದ ಮೊದಲನೆಯ ಎರಡು ವಾರಗಳಲ್ಲಿ ಅವರಿಗೆ ಮರಣದ ಅಪಾಯವು ಆ ಸಂಸ್ಥಾನದ ಇತರ ನಿವಾಸಿಗಳಿಗಿಂತ 12.7 ಪಟ್ಟಾಗಿತ್ತು, ವಯಸ್ಸು ಮೊದಲಾದ ಭೇದಗಳನ್ನು ಲೆಕ್ಕಕ್ಕೆ ತಕ್ಕೊಂಡೇ ಹೀಗೆ ಕಂಡುಬಂತು. ಆ ವಾರಗಳಲ್ಲಿ ಅಮಲಿನ ಪದಾರ್ಥಗಳು ಮಿತಿಮೀರಿ ಸಾಯುವ ಅಪಾಯವು 129 ಪಟ್ಟು. ಹೃದ್ರೋಗದಿಂದಲೂ ಕೊಲೆಯಿಂದಲೂ ಆತ್ಮಹತ್ಯದಿಂದಲೂ ಸತ್ತವರುಂಟು. ಅಮಲಿನ ಮರಣಕ್ಕೆ ಒಂದು ಕಾರಣವು ಸುಲಭವಾಗಿ ತಿಳಿಯುವದು: ಸೆರೆಯಲ್ಲಿ ಅಫೀಮಿನ ಜಾತಿಯ ಪದಾರ್ಥವಿಲ್ಲದೆ ಇದ್ದ ದೇಹವು ಅದನ್ನು ತಾಳುವ ಶಕ್ತಿಯನ್ನು ಕಳಕೊಳ್ಳುವದು; ಹೊರಗೆ ಬಂದವನು ಹಳೇ ಚಾಳಿಯಂತೆ ಹಳೇ ಅಳತೆಯನ್ನೇ ತಕ್ಕೊಂಡರೆ ಉಸಿರು ನಿಂತುಹೋಗುವದು.

ಇಲ್ಲಿ ಒಬ್ಬನು ಎದ್ದು ಹೀಗನ್ನಬಹುದು: "ಹಗಲೆಲ್ಲಾ ದುಡಿದು ಯಾರ ಸೊತ್ತನ್ನೂ ಮುಟ್ಟದ ಕೂಲಿಯವನು ತನ್ನ ಮಗುವಿನ ಔಷಧಕ್ಕೆ ಸಾಲಮಾಡುತ್ತಾನೆ. ಕಳ್ಳನನ್ನು ಮಾತ್ರ ಊರು ಆರೈಕೆ ಮಾಡಬೇಕೋ? ಇದು ಯಾವ ನ್ಯಾಯ?" ಈ ಮಾತನ್ನು ನಾವು ಹಗುರವಾಗಿ ತಳ್ಳಬಾರದು, ಅದರಲ್ಲಿ ನೊಂದವನ ನಿಜವಾದ ದೂರು ಉಂಟು. ಆದರೆ ಕೂಲಿಯವನ ಮಗುವಿಗೆ ಔಷಧವಿಲ್ಲದ್ದು ಒಂದು ಅನ್ಯಾಯವಾದರೆ, ಬಿಡುಗಡೆಯಾದವನಿಂದ ಔಷಧವನ್ನು ಕಿತ್ತುಕೊಂಡದರಿಂದ ಆ ಮಗುವಿಗೆ ಒಂದು ಗುಟುಕಾದರೂ ದೊರೆಯುವದೋ? ಮೊದಲಿದ್ದ ಒಂದು ಅನ್ಯಾಯವು ಎರಡಾಗುವದಷ್ಟೆ. ಅದಲ್ಲದೆ ನ್ಯಾಯಾಧಿಪತಿಯು ಅಪರಾಧವನ್ನು ತೂಗಿ ಇಷ್ಟು ವರುಷವೆಂದು ಬರೆದನು. ರೋಗದಿಂದ ಸಾಯತಕ್ಕದ್ದೆಂದು ಬರೆಯಲಿಲ್ಲ. ಆತನು ಬರೆಯದ ಶಿಕ್ಷೆಯನ್ನು ನಮ್ಮ ಅಲಕ್ಷ್ಯದಿಂದ ಕೂಡಿಸುವದಕ್ಕೆ ನಮಗೆ ಯಾರು ಅಧಿಕಾರ ಕೊಟ್ಟರು?

ಇದಕ್ಕೆ ಉಪಾಯವಿಲ್ಲವೆಂದೂ ಹೇಳಕೂಡದು. ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ 2006ರಲ್ಲಿ ಟ್ರಾನ್ಸಿಷನ್ಸ್ ಕ್ಲಿನಿಕ್ ಎಂಬ ಚಿಕಿತ್ಸಾಲಯವು ಹೊಸದಾಗಿ ಬಿಡುಗಡೆಯಾದವರಿಗಾಗಿ ತೆರೆಯಲ್ಪಟ್ಟಿತು. ಅಲ್ಲಿ ರೋಗಿಗೆ ದಾರಿತೋರಿಸುವ ಆರೋಗ್ಯಸೇವಕನು ತಾನೂ ಸೆರೆಯಲ್ಲಿದ್ದು ಬಂದವನೇ. ವೈದ್ಯನ ಮುಂದೆ ನಾಚಿ ಬಾಯಿ ಮುಚ್ಚುವವನು ತನ್ನಂಥವನ ಮುಂದೆ ಮನಸ್ಸು ಬಿಚ್ಚುವನಲ್ಲವೇ? ಆ ಚಿಕಿತ್ಸಾಲಯಕ್ಕೆ ಕಳುಹಿಸಲ್ಪಟ್ಟವರನ್ನೂ ಬೇರೆ ಕಡೆಗೆ ಕಳುಹಿಸಲ್ಪಟ್ಟವರನ್ನೂ ಹೋಲಿಸಿ ನೋಡಲಾಗಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿಬರುವದು ಮೊದಲಿನವರಲ್ಲಿ ಸುಮಾರು ಅರ್ಧದಷ್ಟೇ ಎಂದು 2012ರಲ್ಲಿ ಪ್ರಕಟವಾಯಿತು. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು, ಬಿಡುಗಡೆಗೆ 90 ದಿವಸ ಮುಂಚಿನಿಂದಲೇ ಕೆಲವು ಚಿಕಿತ್ಸೆಗಳ ವೆಚ್ಚವನ್ನು ಮೆಡಿಕೆಯ್ಡಿನಿಂದ ಕೊಡುವದಕ್ಕೆ ಎಲ್ಲಾ ಸಂಸ್ಥಾನಗಳಿಗಿಂತ ಮೊದಲು ಅಪ್ಪಣೆಯನ್ನು ಹೊಂದಿತು. ಒಳಗಿನ ವೈದ್ಯನ ಕೈಯೂ ಹೊರಗಿನ ವೈದ್ಯನ ಕೈಯೂ ಬಾಗಿಲ ಬಳಿಯಲ್ಲಿ ಕೂಡಬೇಕೆಂಬದೇ ಇದರ ತಾತ್ಪರ್ಯ.

ಇದೆಲ್ಲಾ ದೂರದೇಶದ ಸಂಗತಿಯಾದರೂ ಸೆರೆಯಿಂದ ಬಂದವನು ಕಾಲಿಡುವದು ಯಾವದಾದರೂ ಒಂದು ಊರಿಗೇ. ಅದು ನಮ್ಮ ಊರೂ ಆಗಬಹುದು. ಅವನಿಗೆ ಕ್ಷಯರೋಗವಿದ್ದರೆ, ಸಾಧಾರಣ ಕ್ಷಯಕ್ಕೆ 6 ತಿಂಗಳು ತಪ್ಪದೆ ಔಷಧ ತಕ್ಕೊಳ್ಳಬೇಕು. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಅದು ಹಣವಿಲ್ಲದೆ ದೊರೆಯುವದು. ನಡುವೆ ಬಿಟ್ಟರೆ ರೋಗವು ಮರಳಿ ಬಲಗೊಂಡು ಔಷಧಕ್ಕೆ ಬಗ್ಗದೆ ಹೋಗಬಹುದು; ಅವನ ಕೆಮ್ಮಿನಿಂದ ಮನೆಯವರಿಗೂ ನೆರೆಯವರಿಗೂ ಅಂಟಬಹುದು. ಅವನನ್ನು ದೂರವಿಟ್ಟೆವೆಂದು ನಾವು ತಿಳಿದರೂ ರೋಗವು ನಮ್ಮನ್ನು ದೂರವಿಡುವದಿಲ್ಲ.

ಆದದರಿಂದ ಅಂಥವನು ಬಂದಾಗ, "ನೀನು ಏನು ಮಾಡಿದ್ದಿ?" ಎಂದು ಕೇಳುವವರು ಹತ್ತು ಮಂದಿ ಇದ್ದರೂ, "ನಿನ್ನ ಔಷಧ ಎಷ್ಟು ದಿವಸಕ್ಕಿದೆ? ಆಸ್ಪತ್ರೆಯ ಚೀಟಿ ಎಲ್ಲಿ?" ಎಂದು ಕೇಳುವವನು ಒಬ್ಬನಾದರೂ ಇರಲಿ. ಮೊದಲನೆಯ ವಾರದಲ್ಲೇ ಅವನ ಸಂಗಡ ಆರೋಗ್ಯ ಕೇಂದ್ರದ ವರೆಗೆ ನಡೆದುಹೋಗುವದು ದೊಡ್ಡ ವೆಚ್ಚದ ಕೆಲಸವಲ್ಲ. ಅವನ ಅಪರಾಧದ ಲೆಕ್ಕವನ್ನು ನ್ಯಾಯಸ್ಥಾನವು ತೀರಿಸಿತು. ಅವನ ಆರೋಗ್ಯದ ಲೆಕ್ಕವು ಇನ್ನೂ ತೀರಿಲ್ಲ, ಅದರಲ್ಲಿ ನಮ್ಮ ಪಾಲೂ ಉಂಟು.