ಬಾಧಕವನ್ನು ಅರಸುವ ಧರ್ಮ

ಒಂದು ಮಾತು ಕೈಗೆ ದೊರೆತ ಮಾತ್ರಕ್ಕೆ ಅದು ಜ್ಞಾನವಾಗುವುದೆ ಎಂಬ ಪ್ರಶ್ನೆ ನಮ್ಮ ದರ್ಶನಕಾರರನ್ನು ಶತಮಾನಗಳ ಕಾಲ ಚಿಂತೆಗೆ ಹಚ್ಚಿದುದು. ಆ ಪ್ರಶ್ನೆಯೇ ಈಗ ಅತಿ ನೂತನವಾದ ಯಂತ್ರವೊಂದರ ರೂಪದಲ್ಲಿ ಮರಳಿ ನಮ್ಮೆದುರು ನಿಂತಿದೆ. ಗೂಢಲಿಪಿಶಾಸ್ತ್ರದ ವಿದ್ವತ್ಪ್ರಬಂಧಗಳನ್ನು ಕೃತಕ ಬುದ್ಧಿಯ ಏಜೆಂಟುಗಳು ತಾವಾಗಿಯೇ ಹುಡುಕಿ, ಓದಿ, ಸಾರವನ್ನು ಒಪ್ಪಿಸುವಂತೆ ಮಾಡುವ ಸಾಧನಗಳು ಸಿದ್ಧವಾಗಿವೆ. ಬ್ಯಾಂಕಿನ ಹಣವನ್ನೂ ಮೊಬೈಲಿನ ಮಾತನ್ನೂ ಕಾಯುತ್ತಿರುವ ಈ ಶಾಸ್ತ್ರಕ್ಕೆ ‘ಈಪ್ರಿಂಟ್’ ಎಂಬ ಮುಕ್ತ ಭಂಡಾರವೊಂದುಂಟು. 2000ದಲ್ಲಿ ಆರಂಭವಾದ ಅದಕ್ಕೆ ಈಗ ವರ್ಷಕ್ಕೆ ಸುಮಾರು ಎರಡು ಸಾವಿರ ಪ್ರಬಂಧಗಳು ಬಂದು ಸೇರುತ್ತವೆ. ಅವನ್ನೆಲ್ಲ ಒಬ್ಬ ಮನುಷ್ಯನು ಓದಿ ಮುಗಿಸುವುದು ಅಸಾಧ್ಯವಾದುದರಿಂದ ಇಂಥ ಸಾಧನವು ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅಲ್ಲಿ ಸೇರಿದ ಪ್ರಬಂಧಗಳು ಮೊದಲೇ ವಿದ್ವಾಂಸರ ಪೂರ್ಣ ಪರೀಕ್ಷೆಗೆ ಒಳಗಾದುವುಗಳಲ್ಲವಾಗಿ, ಹುಡುಕಿ ತಂದುದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಉಳಿದೇ ಉಳಿಯುತ್ತದೆ.

ಮೀಮಾಂಸಕರು ಜ್ಞಾನಕ್ಕೆ ಸ್ವತಃಪ್ರಾಮಾಣ್ಯವನ್ನು ಹೇಳಿದರು: ಹುಟ್ಟಿದ ಅರಿವು, ಅದನ್ನು ಅಲ್ಲಗಳೆಯುವ ಬಾಧಕವು ಕಾಣಿಸಿಕೊಳ್ಳುವವರೆಗೆ, ತನ್ನಷ್ಟಕ್ಕೆ ಪ್ರಮಾಣವೇ. ನೈಯಾಯಿಕರು ಇದನ್ನು ಒಪ್ಪದೆ, ಅರಿವಿನ ಸತ್ಯತೆಯು ಬೇರೊಂದರಿಂದ ನಿಶ್ಚಿತವಾಗಬೇಕೆಂದರು. ಗೂಢಲಿಪಿಯ ವಿಷಯದಲ್ಲಿ ಲೋಕದ ವ್ಯವಹಾರವೆಲ್ಲ ಬಹುಮಟ್ಟಿಗೆ ಮೀಮಾಂಸಕರ ಹಾದಿಯಲ್ಲಿ ನಡೆಯುತ್ತಿದೆ. ಏಕೆಂದರೆ ಇಂದು ಬಳಕೆಯಲ್ಲಿರುವ ಸಂಕೇತಗಳಲ್ಲಿ ಬಹುತೇಕ ಯಾವುದನ್ನೂ ನಿರಪೇಕ್ಷವಾಗಿ ಅಭೇದ್ಯವೆಂದು ಸಾಧಿಸಿದವರಿಲ್ಲ. ಒಡೆಯಲು ಹೊರಟ ಸಮರ್ಥರು ಒಡೆಯಲಾರದೆ ಹೋದರೆಂಬುದೇ ಅವುಗಳಲ್ಲಿ ನಾವಿಟ್ಟಿರುವ ವಿಶ್ವಾಸದ ಮುಖ್ಯ ಆಧಾರ.

ಆ ವಿಶ್ವಾಸಕ್ಕೆ ಬಾಧಕ ಒದಗಿದ ನಿದರ್ಶನವೊಂದುಂಟು. 2011ರಲ್ಲಿ ಜಾವ್ ಮತ್ತು ಡಿ ಫಿಯೊ ಎಂಬ ವಿದ್ವಾಂಸರು ರೂಪಿಸಿದ ವಿಧಾನವೊಂದರ ಮೇಲೆ ‘ಸೈಕ್’ ಎಂಬ ಸಂಕೇತಪದ್ಧತಿ ನಿಂತಿತ್ತು. ಹೊಸ ಸಂಕೇತಗಳನ್ನು ಆರಿಸಲು ಅಮೆರಿಕದ ಮಾನಕ ಸಂಸ್ಥೆಯು ನಡೆಸಿದ ಸ್ಪರ್ಧೆಯಲ್ಲಿ ನಾಲ್ಕನೆಯ ಸುತ್ತನ್ನೂ ಮುಟ್ಟಿದ ಅದನ್ನು, 2022ರ ಜುಲೈ ಕೊನೆಯಲ್ಲಿ ಕಾಸ್ಟ್ರಿಕ್ ಮತ್ತು ಡೆಕ್ರೂ ಎಂಬವರು ಕಂಪ್ಯೂಟರಿನ ಒಂದೇ ಒಂದು ಕೋರಿನಿಂದ ಸುಮಾರು ಒಂದು ಗಂಟೆಯಲ್ಲಿ ಭೇದಿಸಿ ತೋರಿಸಿದರು. ಅವರಿಗೆ ಆಧಾರವಾದುದು ಗಣಿತಜ್ಞ ಎರ್ನ್‌ಸ್ಟ್ ಕಾನಿಯವರು 1997ರಲ್ಲಿ, ಗೂಢಲಿಪಿಯ ಗೊಡವೆಯೇ ಇಲ್ಲದೆ, ಶುದ್ಧ ಗಣಿತದಲ್ಲಿ ಸಾಧಿಸಿದ ಪ್ರಮೇಯ. ಬಾಧಕವು ಸಂಕೇತವು ಹುಟ್ಟುವುದಕ್ಕೆ ಮೊದಲೇ ಬೇರೊಂದು ಶಾಸ್ತ್ರದಲ್ಲಿ ಮುದ್ರಿತವಾಗಿ ಕುಳಿತಿತ್ತು. ಗೂಢಲಿಪಿಯ ಶಬ್ದಗಳಿಂದ ಮಾತ್ರ ಅರಸುವ ಯಂತ್ರಕ್ಕೆ ಅದು ಸಿಕ್ಕುತ್ತಿರಲಿಲ್ಲ.

ಇದಕ್ಕೆ ವಿಪರ್ಯಯವಾದುದೂ ನಡೆಯಿತು. 2024ರ ಏಪ್ರಿಲ್ 10ರಂದು ಯಿಲೇ ಚೆನ್ ಎಂಬವರ ಪ್ರಬಂಧವೊಂದು, ಕ್ವಾಂಟಮ್ ಯುಗಕ್ಕೆಂದು ರೂಪಿಸಿದ ಹಲವು ಸಂಕೇತಗಳಿಗೆ ನೆಲೆಯಾದ ಲ್ಯಾಟಿಸ್ ಸಮಸ್ಯೆಗಳನ್ನು ಕ್ವಾಂಟಮ್ ಯಂತ್ರದಿಂದ ಬಿಡಿಸಬಹುದೆಂದು ಸಾರಿತು. ಎಂಟೇ ದಿನಗಳಲ್ಲಿ ಅದರ ಒಂಬತ್ತನೆಯ ಹಂತದಲ್ಲಿ ದೋಷವಿರುವುದನ್ನು ಇಬ್ಬರು ಪ್ರತ್ಯೇಕವಾಗಿ ತೋರಿಸಿದರು. ಕರ್ತೃವು ಅದನ್ನು ಮೊದಲ ಪುಟದಲ್ಲಿಯೇ ನಿಸ್ಸಂಕೋಚವಾಗಿ ಒಪ್ಪಿ ಬರೆದನು. ಬಾಧಕಕ್ಕೇ ಬಾಧಕ ಒದಗಿದಾಗ ಮೊದಲಿನ ಅರಿವು ತನ್ನ ಸ್ಥಾನಕ್ಕೆ ಮರಳುವುದೆಂದೂ, ಇಂಥ ವಿಚಾರಣೆ ಮೂರು ನಾಲ್ಕು ಮೆಟ್ಟಿಲುಗಳನ್ನು ದಾಟಬೇಕಾಗಿಲ್ಲವೆಂದೂ ಕುಮಾರಿಲಭಟ್ಟರು ವಿವೇಚಿಸಿದುದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಸಾರಾಂಶವನ್ನಷ್ಟೇ ಎತ್ತಿ ತಂದು ಎರಡನೆಯ ಮೆಟ್ಟಿಲಲ್ಲಿ ನಿಂತುಬಿಡುವ ಯಂತ್ರವು ಓದುಗನನ್ನು ನಿಶ್ಚಯವಾಗಿಯೂ ದಾರಿ ತಪ್ಪಿಸುತ್ತದೆ.

ಸಖರಾಯಪಟ್ಟಣದ ಸೀಮೆಯವರಾದ ನಮಗೆ ಬಾಧಕವನ್ನು ಅರಸುವ ಈ ವಿಚಾರವು ಪರಸ್ಥಳದ ಮಾತಲ್ಲ. ಜೈಮಿನಿ ಭಾರತದ ಕವಿ ಲಕ್ಷ್ಮೀಶನು ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವನು ಸುರಪುರ ಸೀಮೆಯ ದೇವಾಪುರದವನೆಂದು ವಾದಿಸುವ ವಿದ್ವಾಂಸರೂ ಇದ್ದಾರೆ, ಅವನ ಕಾಲದ ವಿಷಯದಲ್ಲಿಯೂ ಐಕಮತ್ಯವಿಲ್ಲ. ದೇವನೂರಿನ ಲಕ್ಷ್ಮೀಕಾಂತನ ಗುಡಿಯನ್ನು ಕಂಡು ಬೆಳೆದವನ ಕಣ್ಣಿಗೆ ದೇವನೂರಿನ ಪರವಾದ ಆಧಾರಗಳೇ ಮೊದಲು ಬೀಳುವುದು ಸಹಜ. ಅಂಥವನು ಎದುರುಪಕ್ಷದ ಲೇಖನವನ್ನು ತಾನೇ ಹುಡುಕಿ ತರಿಸಿ ಓದಿದಾಗ ಮಾತ್ರ ಅವನ ಅಭಿಮಾನವು ಅರಿವೆನಿಸಿಕೊಳ್ಳಲು ಅರ್ಹವಾಗುತ್ತದೆ. ಓದಿದ ಮೇಲೂ ದೇವನೂರೇ ಸರಿಯೆಂದು ಅವನಿಗೆ ತೋರಿದರೆ, ಆ ನಂಬಿಕೆಗೆ ಮೊದಲಿಲ್ಲದ ಬಲ ಬಂದಿರುತ್ತದೆ.

ಆದುದರಿಂದ, ಈ ಸಾಧನವನ್ನು ಕಟ್ಟುವವರಲ್ಲಿ ನನ್ನ ವಿಜ್ಞಾಪನೆ ಇದು: ಕೇಳಿದ ಮಾತಿಗೆ ಅನುಕೂಲವಾದ ಪ್ರಬಂಧವನ್ನು ತಂದೊಪ್ಪಿಸುವುದರಲ್ಲಿ ಅದರ ಕೆಲಸ ಮುಗಿಯದಿರಲಿ, ಆ ಪ್ರಬಂಧವನ್ನು ಅನಂತರ ಯಾರು ಖಂಡಿಸಿದರು, ಖಂಡನೆಯು ಉಳಿಯಿತೆ ಬಿದ್ದಿತೆ, ಕರ್ತೃವೇ ಅದನ್ನು ತಿದ್ದಿದನೆ ಎಂಬುದನ್ನು ಅರಸುವುದು ಅದರ ಮೊದಲ ಧರ್ಮವಾಗಲಿ. ಶ್ರವಣ, ಮನನ, ನಿದಿಧ್ಯಾಸನಗಳೆಂದು ಉಪನಿಷತ್ತು ಹೇಳಿದ ಮೂರರಲ್ಲಿ ಶ್ರವಣದ ಭಾರವನ್ನು ಯಂತ್ರವು ಹೊರಬಲ್ಲುದು, ಮನನಕ್ಕೆ ಬೇಕಾದ ಪೂರ್ವಪಕ್ಷವನ್ನೂ ಒದಗಿಸಬಲ್ಲುದು. ಆದರೆ ನಂಬಿದ ಸಂಕೇತವು ನಾಳೆ ಒಡೆದರೆ ಹಣವನ್ನೂ ಗುಟ್ಟನ್ನೂ ಕಳೆದುಕೊಳ್ಳುವವನು ಮನುಷ್ಯ. ಆದಕಾರಣ, ಇದನ್ನು ನಂಬಿ ನಡೆಯುತ್ತೇನೆಂಬ ನಿರ್ಣಯವನ್ನು ಮಾಡುವವನೂ, ಆ ನಿರ್ಣಯಕ್ಕೆ ಉತ್ತರವಾದಿಯಾಗುವವನೂ ಮನುಷ್ಯನೇ ಆಗಿರತಕ್ಕದ್ದು.