ಅರಿಶಿನದೊಳಗಣ ಕೆಂಪು

ಪಾಂಡವಪುರ ಸೀಮೆಯ ಮೇಲುಕೋಟೆಯಲ್ಲಿ ನಾಮದ ಬಿಳಿಯ ಮಣ್ಣಿನ ನಡುವೆ ಎಳೆಯುವ ಶ್ರೀಚೂರ್ಣವೂ, ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮಿನಲ್ಲಿ ನಿಮಿಷಾಂಬೆಗೆ ಅರ್ಪಿತವಾಗುವ ಕುಂಕುಮವೂ, ಹಬ್ಬದ ದಿನ ಮುತ್ತೈದೆಯರ ಮುಖಕ್ಕೆ ಕಳೆ ತರುವ ಮನೆಯ ಕೆಂಪೂ, ಹಿಂದಿನವರ ಕ್ರಮದಲ್ಲಿ ಸಿದ್ಧವಾದರೆ, ಒಂದೇ ಅರಿಶಿನದ ಸಂತತಿ. ಈ ಕೆಂಪು ಎಲ್ಲಿಂದ ಬಂದಿತು?

ಬಟ್ಟಲಿನ ಅರಿಶಿನಕ್ಕೆ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಟ್ಟರೆ, ಹನಿ ಬಿದ್ದೆಡೆಯಲ್ಲಿ ಮೊದಲು ಇಟ್ಟಿಗೆಯ ಬಣ್ಣವೂ, ಬೆರಳಿನಿಂದ ಕಲಸುತ್ತ ಬಂದಂತೆ ರಕ್ತವರ್ಣವೂ ಮೂಡುತ್ತದೆ. ಹಳದಿಯಲ್ಲಿಯೂ ಬಿಳುಪಿನಲ್ಲಿಯೂ ಕಾಣದ ಗುಣವೊಂದು ಕೂಟದಲ್ಲಿ ಪ್ರಕಟವಾಗುತ್ತದೆ. ಎಲೆ, ಅಡಕೆ, ಸುಣ್ಣಗಳ ಯೋಗದಿಂದ ತಾಂಬೂಲವು ಕೆಂಪಾಗುವಂತೆ ಜಡಭೂತಗಳ ಯೋಗದಿಂದ ಚೈತನ್ಯವು ಹುಟ್ಟುವುದೆಂದು ಚಾರ್ವಾಕರು ವಾದಿಸಿದುದು ಇಂಥ ದೃಶ್ಯದ ಬಲದಿಂದಲೇ, ಮತ್ತು ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಆ ಕೆಂಪಿನ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ಹಳದಿಯು ಮರಳಿ ಬರುತ್ತದೆ. ಕ್ಷಾರದಲ್ಲಿ ಕೆಂಪಾಗಿ ಆಮ್ಲದಲ್ಲಿ ಹಳದಿಯಾಗುವುದು ಅರಿಶಿನದಲ್ಲಿರುವ ಕರ್ಕ್ಯುಮಿನ್ನಿನ ಸ್ವಭಾವ. ದ್ರವ್ಯವು ಅಳಿದಿರಲಿಲ್ಲ, ಅವಸ್ಥೆ ಬದಲಾಗಿತ್ತು. ಸಂಪ್ರದಾಯದಂತೆ 12 ವರ್ಷ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ದರ್ಶನವು ಕಾರ್ಯವನ್ನು ಕಾರಣದ್ರವ್ಯದ ಅವಸ್ಥಾಂತರವೆಂದೇ ತಿಳಿಯುತ್ತದೆ. ಚೈತನ್ಯದ ಪ್ರಶ್ನೆ ಇಷ್ಟರಿಂದಲೇ ತೀರಿತೆಂದು ನಾನು ಹೇಳಲಾರೆನು. ನನಗೆ ಮುಖ್ಯವಾಗಿ ತೋರುವುದು ಇನ್ನೊಂದು: ಬಟ್ಟಲಿನ ಕೆಂಪು ತನ್ನನ್ನು ತಾನು ಕಾಣದು, ಅದನ್ನು ಕೆಂಪೆಂದು ಅರಿಯುವವನು ಹೊರಗಿದ್ದಾನೆ, ಆದುದರಿಂದ ಚೇತನದ ಹುಟ್ಟನ್ನು ವಿವರಿಸಲು ಬಣ್ಣವನ್ನು ತೋರಿಸುವವನು, ಆ ಬಣ್ಣವನ್ನು ನೋಡುವ ಚೇತನವನ್ನು ಮೊದಲೇ ಒಪ್ಪಿಕೊಂಡಿರುತ್ತಾನೆ.