ಎಣಿಕೆಯ ಹೆಸರೂ ಮಗುವಿನ ಹೊರೆಯೂ

ಸಂಖ್ಯೆಯು ಸರ್ವರಿಗೂ ಸಮಾನವಾದುದು. ಅದರ ಹೆಸರು ಮಾತ್ರ ಭಾಷೆಭಾಷೆಗೆ ಬೇರೆಯಾದುದು. ಈ ಭೇದವು ಕಿವಿಗೆ ಮಾತ್ರ ಸಂಬಂಧಿಸಿದುದೋ, ನ್ಯಾಯಕ್ಕೂ ಸಂಬಂಧಿಸಿದುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕಾಗಿನೆಲೆಯ ಸೀಮೆಯ ಮಗುವು ಇಪ್ಪತ್ತನ್ನೂ ಒಂದನ್ನೂ ಅರಿತರೆ ಇಪ್ಪತ್ತೊಂದನ್ನು ತಾನೇ ಕಟ್ಟಿಕೊಳ್ಳುವುದು. ನುಡಿಯುವ ಕ್ರಮವೇ ಬರೆಯುವ ಕ್ರಮ. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಇಪ್ಪತ್ತೊಂದು 'ಏಕವೀಸ'. ಒಂದು ಮೊದಲು, ಇಪ್ಪತ್ತು ಆಮೇಲೆ. ಐವತ್ತು 'ಪನ್ನಾಸ'ವಾದರೆ ಐವತ್ತೆರಡು 'ಬಾವನ್ನ'. ಇಪ್ಪತ್ತೊಂಬತ್ತು 'ಏಕೋಣತೀಸ', ಎಂದರೆ ಮೂವತ್ತಕ್ಕೆ ಒಂದು ಕಡಮೆ. ನೂರರವರೆಗಿನ ಹೆಸರುಗಳನ್ನು ಬಹುಮಟ್ಟಿಗೆ ಒಂದೊಂದಾಗಿಯೇ ಕಂಠಸ್ಥ ಮಾಡಬೇಕು.

೨೦೧೯ರಲ್ಲಿ ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ ಏಕ', 'ಪನ್ನಾಸ ದೋನ' ಎಂಬ ರೀತಿಯನ್ನೂ ತಂದಿತು. ಭಾಷೆಯ ಸೊಗಸು ಕೆಡುವುದೆಂದು ಅನೇಕರು ಆಕ್ಷೇಪಿಸಿದರು. ಮಕ್ಕಳಿಗೆ ಗಣಿತದ ಭಯ ಕಳೆಯಬೇಕೆಂದು ಸಮಿತಿಯ ಅಧ್ಯಕ್ಷೆ ಮಂಗಲಾ ನಾರಳೀಕರರು ಸಮರ್ಥಿಸಿದರು.

ಆಕ್ಷೇಪಿಸಿದವರ ಮಾತು ತಳ್ಳಿಹಾಕತಕ್ಕುದಲ್ಲ. ಹಿರಿಯರ ಬಾಯಿಂದ ಬಂದ ಶಬ್ದವನ್ನು ಕಳೆದುಕೊಂಡ ಮಗುವಿಗೆ ಅಜ್ಜಿಯ ಲೆಕ್ಕವೇ ಅಪರಿಚಿತವಾಗುವುದು. ಆದರೆ 'ಬಾವನ್ನ'ದಲ್ಲಿ ಎಡವಿದ ಮಗುವು ಗಣಿತದಲ್ಲಿ ಎಡವಿದುದಲ್ಲ, ಶಬ್ದದಲ್ಲಿ ಎಡವಿದುದು. ಅದನ್ನು ದಡ್ಡನೆಂದು ಕರೆಯುವುದು ಶಬ್ದದ ತೊಡಕನ್ನು ಕೂಸಿನ ತಲೆಯ ಮೇಲೆ ಹೊರಿಸುವ ಅನ್ಯಾಯ. ಆದುದರಿಂದ ಹೊಸ ದಾರಿಯಿಂದ ಅರ್ಥವನ್ನು ತಿಳಿಸಿ, ಹಳೆಯ ಹೆಸರನ್ನು ರೂಢಿಯಿಂದ ಕಲಿಸುವುದೇ ಲೇಸು.

ಇದನ್ನು ಕಂಡು ಕನ್ನಡಿಗರು ಹೆಮ್ಮೆಪಡಲು ಕಾರಣವಿಲ್ಲ. ಈ ಸೌಲಭ್ಯವು ಗಳಿಸಿದುದಲ್ಲ, ಬಳುವಳಿಯಾಗಿ ಬಂದುದು. ಒಂಬತ್ತು, ತೊಂಬತ್ತುಗಳನ್ನು ಒಂದಕ್ಕೊಂದು ಬೆರೆಸಿ ತಡವರಿಸುವ ಮಕ್ಕಳು ಇಲ್ಲಿಯೂ ಉಂಟು. ಬಂದ ಬಳುವಳಿಯನ್ನಾದರೂ ಕಾಯ್ದುಕೊಂಡಿದ್ದಾರೆಯೆ? 'ಹನ್ನೊಂದು' ಎಂಬುದರಲ್ಲಿ ಹತ್ತೂ ಒಂದೂ ಕೇಳಿಸುತ್ತವೆ. 'ಇಲೆವನ್' ಎಂಬುದರಲ್ಲಿ ಯಾವುದೂ ಕೇಳಿಸದು. ಆದರೂ ಇಂದು ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ಎಣಿಕೆ ಇಂಗ್ಲಿಷಿನದು. ಬ್ಯಾಡಗಿಯ ಸಂತೆಯಲ್ಲಿ ಎಪ್ಪತ್ತೆಂಟೆಂದರೆ ಎಷ್ಟೆಂದು ಅಂಥ ಮಗು ಕೇಳಿದರೆ ನಗುವವರು, ಆ ಏಣಿಯನ್ನು ತೆಗೆದಿಟ್ಟವರು ಯಾರೆಂದು ಯೋಚಿಸಬೇಕು.

ಕಾಗಿನೆಲೆಯ ಆದಿಕೇಶವನ ಭಕ್ತರಾದ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ನೆಲ್ಲಿಗೂ ರಾಗಿಗೂ ವಾದ ಹೂಡಿಸಿದರು. ತೀರ್ಪು ಕುಲವನ್ನು ನೋಡಿ ಬರಲಿಲ್ಲ. ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದ ರಾಗಿಯ ಕಡೆಗೆ ಬಂದಿತು. ಎಣಿಕೆಯ ಹೆಸರುಗಳನ್ನೂ ಪ್ರತಿಷ್ಠೆಯಿಂದ ಅಳೆಯಲಾಗದು. ಮಗುವಿನ ಮನಸ್ಸಿನಲ್ಲಿ ಅರ್ಥವಾಗಿ ಯಾವುದು ಉಳಿಯುವುದೆಂದು ನೋಡಿಯೇ ಅಳೆಯಬೇಕು.